ಹದಿನೆಂಟನೇ ಕಿಲೋಮೀಟರಿನ ಮೇಜು

ಫೆಬ್ರವರಿ 9, ಭಾನುವಾರ

ಬೆಳಗಿನಿಂದ ಸಂಘಟಕರನ್ನು ಬಾಯಿಗೆ ಬಂದಂತೆ ಬೈದಿದ್ದೇನೆ. ಮಹಿಳೆಯರ ಮ್ಯಾರಥಾನ್ ಅಂತ ಊರೆಲ್ಲ ಬ್ಯಾನರ್ ಕಟ್ಟಿದವರಿಗೆ ಎಷ್ಟು ನೀರು ಬೇಕೆಂದೇ ತಿಳಿದಿರಲಿಲ್ಲ. ನನಗಿಂತ ತುಂಬಾ ಹಿಂದೆ ಓಡಿಬರುತ್ತಿದ್ದ ಅತ್ತಿಗೆಗೆ ಹದಿನೆಂಟನೇ ಕಿಲೋಮೀಟರಿನ ನೀರಿನ ಮೇಜು ಖಾಲಿ ಸಿಕ್ಕಿತಂತೆ. ಯಾರದೋ ಮನೆಯ ಗೇಟು ತಟ್ಟಿ ನೀರು ಕೇಳಿದರಂತೆ. ಅತ್ತಿಗೆ ಗುರಿ ಮುಟ್ಟುವ ಹೊತ್ತಿಗೆ ಅಲ್ಲಿನ ಕಮಾನನ್ನೂ ಬಿಚ್ಚಿ ಲಾರಿಗೆ ಹಾಕಿದ್ದರು. "ನನ್ನ ಕೈಲಿ ಆಗಲ್ಲ ಕಣೇ" ಅಂದರೂ ಬಿಡದೆ ಅವರ ಹೆಸರು ಬರೆಸಿದವಳು ನಾನೇ.

ಸಂಜೆ ಅವರ ಕಾಲಿಗೆ ಎಣ್ಣೆ ತಿಕ್ಕುತ್ತಾ ಮತ್ತೆ ಬೈಯತೊಡಗಿದೆ.

"ಹೋಗ್ಲಿ ಬಿಡೇ, ನಿನಗಾದ್ರೂ ನೀರು ಸಿಕ್ತಲ್ಲ," ಅಂದರು.

ಸಿಕ್ಕಿತ್ತು. ಅದೇ ಮೇಜಿನಿಂದ ಮೂರು ಬಾಟಲಿ ಎತ್ತಿಕೊಂಡಿದ್ದೆ. ಒಂದನ್ನು ಕುಡಿದೆ, ಎರಡನ್ನು ತಲೆಗೆ ಸುರಿದುಕೊಂಡೆ. ಅವರ ಇನ್ನೊಂದು ಕಾಲನ್ನೂ ಎಳೆದುಕೊಂಡು ತಿಕ್ಕಿದೆ.