ಅಂಬಲಿ ಕುಡಿದ ಕರುಳು

ಶಿರಾ, ಫೆಬ್ರವರಿ 30, 2214

ಇನ್ನೂರು ವರ್ಷ ಹಿಂದಿನ ದೊಡ್ಡವರಿಗೆ ಕರಿಯಕ್ಕನ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಬಿಟ್ಟು ಬಿಟ್ಟು. ಮಾತು ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಲ್ಲಿ ನಲವತ್ತೈದು ತುಂಬಿದವರೆಲ್ಲ ವರ್ಷಕ್ಕೊಮ್ಮೆ ಕರುಳುಗಣ್ಣಿಗೆ ಮಲಗಬೇಕು. ಕರುಳುಗಣ್ಣು ಅಂದರೆ ಹಿಂದಿನಿಂದ ದೊಡ್ಡ ಕರುಳಿನೊಳಗೆ ಹೋಗುವ ಕೊಳವೆ. ಅದರ ಕ್ಯಾಮೆರಾ ತೆಗೆದ ಚಿತ್ರವನ್ನು ಯಂತ್ರವೇ ನೋಡಿ, ಗಂಟು ಕಂಡಲ್ಲಿ ಹಸಿರು ಚೌಕ ಹಾಕುತ್ತದೆ. ಗಂಟು ಹಾಗೇ ಬಿಟ್ಟರೆ ಕ್ಯಾನ್ಸರ್ ಆಗಬಹುದು. ನಿಮ್ಮ ಕಾಲದಲ್ಲಿ ಪಕ್ಕದಲ್ಲಿ ಡಾಕ್ಟರೂ ಕಣ್ಣಿಟ್ಟು ಕೂರುತ್ತಿದ್ದರಂತೆ. ಈಗ ಬರಿಗಣ್ಣಿನಲ್ಲಿ ಗಂಟು ಗುರುತಿಸಬಲ್ಲವರು ಜಿಲ್ಲೆಗೆ ಒಬ್ಬರೂ ಇಲ್ಲ.

ನಮ್ಮಕ್ಕ ಜುಂಜಮ್ಮ ಹೋದ ವರ್ಷ ಮಲಗಿದಳು. ಹಿಂದಿನ ದಿನ ನೀರಾಹಾರ ಮಾತ್ರ ಎಂದು ಚೀಟಿಯಲ್ಲಿತ್ತು. ಓದಿದವಳು ನಾನೇ. ಅಂಬಲಿ ನೀರೇ ಅಲ್ಲವೇ ಎಂದುಕೊಂಡು ಮೂರು ಚೊಂಬು ರಾಗಿ ಅಂಬಲಿ ಕುಡಿಸಿದೆ. “ಕಟ್ಕಂಡ ಗಂಡನೇ ನನ್ ಒಳಗೇನೈತೆ ಅಂತ ನೋಡ್ಲಿಲ್ಲ, ಈ ಪೈಪು ನೋಡ್ತೈತಂತೆ ಕಣೇ” ಎಂದು ನಗುತ್ತಲೇ ಒಳಗೆ ಹೋದಳು. ಮುಗಿದ ಮೇಲೆ ನರ್ಸು, “ಗಂಟು ಇಲ್ಲ ಅಂತ ಬಂದೈತೆ ಕಣಜ್ಜಿ, ಎದ್ದೋಗಿ ಉಣ್ಣು” ಎಂದಳು. ಕರುಳಿನ ಗೋಡೆಗೆ ಅಂಬಲಿ ಬಳಿದುಕೊಂಡಿತ್ತು. ಅದರಡಿ ಗಂಟಿತ್ತು, ಅದು ಆಗಲೇ ಕ್ಯಾನ್ಸರ್ ಆಗಿತ್ತು ಎಂದು ಆಮೇಲೆ ತಿಳಿಯಿತು. ಎಂಟು ತಿಂಗಳಿಗೆ ಅಕ್ಕನನ್ನು ಮಣ್ಣು ಮಾಡಿದೆವು.

ತಪ್ಪು ನನ್ನದು, ಒಪ್ಪುತ್ತೇನೆ. ಉಂಡ ಅನ್ನ ಮೈಗೆ ಹತ್ತುತ್ತಿಲ್ಲ. ಆದರೆ ಕಾಣದಿದ್ದ ಮೇಲೆ ಯಂತ್ರ ‘ಕಾಣಲಿಲ್ಲ’ ಅನ್ನಬೇಕಿತ್ತು. ‘ಇಲ್ಲ’ ಎಂದು ಯಾಕೆ ಅಂದಿತು? ಹಳೇ ದಾಖಲೆ ಕಾಯುವ ಮೇಷ್ಟ್ರು ಹುಡುಕಿ ಹೇಳಿದರು: ಯಂತ್ರಕ್ಕೆ ಕಲಿಸಲು ಚಿತ್ರ ಆರಿಸಿದವರು ನಿಮ್ಮ ಕಾಲದವರು. ತೊಳೆದಿಟ್ಟ ಪಾತ್ರೆಯಂಥ ಕರುಳುಗಳನ್ನು ಇಟ್ಟುಕೊಂಡು, ಕೊಳೆ ಮಸುಕು ಇದ್ದವನ್ನು ಎಸೆದರಂತೆ. ಹಾಗಾಗಿ ಅದಕ್ಕೆ ಬರುವುದು ಇದೆ, ಇಲ್ಲ, ಇವೆರಡೇ ಮಾತು. ನಿಮಗೆ ಆ ಮಸುಕು ಚಿತ್ರ ಕಸ. ನಮ್ಮಕ್ಕ ಆ ಕಸದಲ್ಲಿದ್ದಳು.

ಗುರುವಾರ ಅಕ್ಕನ ಮಗಳು ಹಾಲಮ್ಮ ಮಲಗುತ್ತಾಳೆ. ತಾಯಿಗಿದ್ದದ್ದು ಮಗಳಿಗೂ ಬರುವುದುಂಟಂತೆ. ಈ ಸಲ ಬರೀ ನೀರು ಕೊಡುತ್ತೇನೆ. ಆದರೂ ಇಲ್ಲ ಎಂದು ಬಂದರೆ ನಂಬಲೋ ಬೇಡವೋ, ಯಾರನ್ನು ಕೇಳಲಿ? ಆ ಮಸುಕು ಚಿತ್ರಗಳನ್ನು ಎಸೆಯಬೇಡಿ. ಒಂದೊಂದರ ಕೆಳಗೂ ಕಾಣಲಿಲ್ಲ ಎಂದು ಬರೆದು ಯಂತ್ರಕ್ಕೆ ತೋರಿಸಿ. ನಿಮಗೆ ಇನ್ನೂರು ವರ್ಷವಿದೆ. ನನಗೆ ಗುರುವಾರದವರೆಗೆ.