ಹೊನ್ನಾವರದ ದಾರಿಗೆ ಅಟ್ಟದ ಕಾಯಿ

೨೮ ಏಪ್ರಿಲ್ ೨೦೦೨, ಭಾನುವಾರ

ತೋಟಕ್ಕೆ ನೀರು ಬಿಟ್ಟು ಬಂದೆ. ಕಾಫಿ ನಾನೇ ಮಾಡಿಕೊಂಡೆ. ಕುಡಿಯುವ ಹಾಗಿತ್ತು.

ಕಾಯಿ ಸುಲಿಯಲು ಹುಚ್ಚಣ್ಣ ಬಂದಿದ್ದ. ನನ್ನಾಕೆ ಮೀನಾಕ್ಷಿ ಕೊನೆಯ ಸಲ ತಾನೇ ನಿಂತು ಅಟ್ಟಕ್ಕೆ ಹಾಕಿಸಿದ ಕಾಯಿಗಳನ್ನು ಬೇರೆ ಇಡಿಸಿದೆ. ನೀರು ಇಂಗಿ, ಒಳಗೆ ಕೊಬ್ಬರಿ ಲೊಡಲೊಡ ಅನ್ನುತ್ತದೆ. ಸಿಪ್ಪೆ ಸುಲಿಸಿದೆ, ಚಿಪ್ಪು ಒಡೆಸಲಿಲ್ಲ.

"ಇದ್ಯಾಕ್ ಸ್ವಾಮಿ, ಇದ್ನೂ ಒಡ್ದು ಮಂಡಿಗೆ ಹಾಕೋದಲ್ವಾ?"

"ಇರ್ಲಿ ಬುಡಪ್ಪ."

ಅವಳು ತೀರಿಹೋಗಿ ವರ್ಷವಾಗುತ್ತಾ ಬಂತು. ಒಂದೇ ಮೂಟೆ. ಮಾರುವುದಿಲ್ಲ, ತಿನ್ನುವುದೂ ಇಲ್ಲ. ವಾಟ್ ಈಸ್ ದಿ ಯೂಸ್ ಅಂದರೆ... ಯೂಸ್ ಏನೂ ಇಲ್ಲ. ಇರಲಿ, ಅಷ್ಟೆ.

ಮಗಳು ಸರ್ವಮಂಗಳ ಮಕ್ಕಳ ಜೊತೆ ರಜೆಗೆ ಬಂದಿದ್ದಾಳೆ. ಕಿಬ್ಬನಹಳ್ಳಿಯ ನಮ್ಮ ಮುಂದಿನ ಈ ರಸ್ತೆ ನೆಟ್ಟಗೆ ಹೊನ್ನಾವರದ ಸಮುದ್ರಕ್ಕೇ ಹೋಗುತ್ತದೆ, ಒಂದು ದಿನ ಕರೆದುಕೊಂಡು ಹೋಗುತ್ತೇನೆ ಎಂದು ಮೀನಾಕ್ಷಿ ಮೊಮ್ಮಕ್ಕಳಿಗೆ ಮಾತು ಕೊಟ್ಟಿದ್ದಳು. ಅವಳೇ ಅರಸೀಕೆರೆ ದಾಟಿದವಳಲ್ಲ. ಈಗ ಆ ಡ್ಯೂಟಿ ನನಗೆ. ಶುಕ್ರವಾರ ಹೊರಡುವುದು. ಈರಣ್ಣನ ಬಾಡಿಗೆ ಟ್ರ್ಯಾಕ್ಸ್ ಗಾಡಿ, ಓಡಿಸುವವನೂ ಅವನೇ.

೩ ಮೇ, ಅರಸೀಕೆರೆ, ತಿಂಡಿ ಹೊತ್ತು

ಹೊರಟಾಗ ಕರೆಂಟ್ ಇರಲಿಲ್ಲ. ಪರ ಊರಿನ ಕಾಯಿಯ ಮೇಲೆ ನನಗೆ ನಂಬಿಕೆ ಇಲ್ಲ—ದಾರಿಯ ದೇವರಿಗೆಲ್ಲ ನಮ್ಮ ತೋಟದ್ದೇ ಆಗಬೇಕು. ಕತ್ತಲಲ್ಲಿ ಅಟ್ಟದ ಏಣಿಯ ಬುಡದ ಮೂಟೆ ತೋರಿಸಿದೆ, ಈರಣ್ಣ ಗಾಡಿಗೆ ಹಾಕಿದ.

ತಿಪಟೂರು ದಾಟುವುದರೊಳಗೆ ಇಂಪನಾ ವಾಂತಿ. ಆರು ವರ್ಷದ ಮಗು, ಎಲ್ಲಿತ್ತೋ ಅಷ್ಟೊಂದು. ನನ್ನ ಪಂಚೆ ಮೇಲೆ. ಅವಳ ಅಣ್ಣ ಜ್ಞಾನೇಶ ಪ್ರತಿ ಕೆರೆಗೂ "ಸಮುದ್ರ ಬಂತಾ ತಾತ?" ಅನ್ನುತ್ತಾನೆ. ಪುಳಿಯೋಗರೆ ಡಬ್ಬಿ ಮುಚ್ಚಳ ಬಿಚ್ಚಿಕೊಂಡು ನನ್ನ ಎಡಗಾಲಿನ ಚಪ್ಪಲಿಯೊಳಗೆ... ಟು ಬಿ ಫ್ರ್ಯಾಂಕ್, ಐ ಆಮ್ ಎಂಜಾಯಿಂಗ್.

೩ ಮೇ, ಸಾಗರ, ಲಾಡ್ಜ್

ಕಡೂರಲ್ಲಿ ವಾಂತಿ. ಭದ್ರಾವತಿಯಲ್ಲಿ ವಾಂತಿ. ಶಿವಮೊಗ್ಗದಲ್ಲಿ ಇಲ್ಲ, ಕಾರಣ, ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ.

"ಅಪ್ಪಾಜಿ, ಸಾಕು. ನಾಳೆ ಘಾಟಿ ಬೇರೆ. ವಾಪಸ್ ಹೋಗಣ" ಎಂದಳು ಸರ್ವಮಂಗಳ. ಬೆಳಿಗ್ಗೆ ನೋಡೋಣ ಎಂದೆ. ಇಷ್ಟು ದೂರ ಬಂದು ತಿರುಗಿದರೆ ಮೀನಾಕ್ಷಿಗೆ ಏನು ಆನ್ಸರ್ ಕೊಡಲಿ?

೪ ಮೇ, ಘಾಟಿಯ ಮೇಲೆ, ಮರದ ನೆರಳು

ಗಾಡಿ ನಿಂತಿದೆ. ಬರೆಯುತ್ತೇನೆ.

ಇಳಿಜಾರು ಶುರುವಾಗುವ ಮುಂಚೆ ಗಾಡಿಗೊಂದು ಕಾಯಿ ಒಡೆಯುತ್ತೇನೆ ಎಂದ ಈರಣ್ಣ. ಮೂಟೆ ಬಿಚ್ಚಿ, ಚಕ್ರದ ಮುಂದೆ ಕಲ್ಲಿಗೆ ಕುಕ್ಕಿದ. ಒಂದು ಹನಿ ನೀರಿಲ್ಲ. ದುಂಡಗಿನ ಕೊಬ್ಬರಿ ಗಿಟುಕು ಚಿಪ್ಪಿನಿಂದ ಹಾರಿ ರಸ್ತೆಗೆ ಬಿದ್ದು ಘಾಟಿ ಇಳಿಯತೊಡಗಿತು. ಜ್ಞಾನೇಶ ಅದರ ಹಿಂದೆ, ಈರಣ್ಣ ಜ್ಞಾನೇಶನ ಹಿಂದೆ, ಸರ್ವಮಂಗಳ ಇಬ್ಬರ ಹಿಂದೆ. ತಿರುವಿನ ಮೋರಿಯಲ್ಲಿ ಸಿಕ್ಕಿತು.

"ಎತ್ತಿದಾಗ್ಲೇ ಹಗೂರ ಅನ್ನಿಸ್ತು ಕಣ್ರೀ. ನಿಮ್ ಮೂಟೆ ಅಂತ ಸುಮ್ಕಾದೆ" ಎಂದ ಈರಣ್ಣ, ಏದುಸಿರು ಬಿಡುತ್ತಾ.

ಏಣಿಯ ಬುಡದಲ್ಲಿ ಇದ್ದದ್ದು ಎರಡು ಮೂಟೆ, ಒಂದು ಪೂಜೆಗೆ ತೆಗೆದಿಟ್ಟ ಹಸಿ ಕಾಯಿಯದ್ದು. ನಾನು ತೋರಿಸಿದ್ದು ಮೀನಾಕ್ಷಿಯದ್ದು.

ಸರ್ವಮಂಗಳ ನನ್ನ ಮುಖ ನೋಡಿದಳು. "ಅಮ್ಮ ಹಾಕ್ಸಿದ್ ಕಾಯಿ ಅಲ್ವಾ ಇದು? ಮೂಟೆ ಕಟ್ಬುಡು ಈರಣ್ಣ. ನೀರಿಲ್ದಿರೋ ಕಾಯಿ ಒಡ್ದಾಯ್ತು, ಮಗೂಗೂ ಹುಷಾರಿಲ್ಲ. ಗಾಡಿ ತಿರುಗ್ಸು."

ಅಷ್ಟರಲ್ಲಿ ಇಂಪನಾ ಅಣ್ಣನ ಕೈಯಿಂದ ಗಿಟುಕು ಕಿತ್ತುಕೊಂಡು, ಮಣ್ಣು ಲಂಗಕ್ಕೆ ಒರೆಸಿ, ಕಚ್ಚಿದಳು. ನೆನ್ನೆಯಿಂದ ಏನೂ ತಿನ್ನದವಳು. ಅಗಿದಳು. ನುಂಗಿದಳು. ನಾವೆಲ್ಲ ಅವಳ ಹೊಟ್ಟೆಯನ್ನೇ ನೋಡುತ್ತಾ ನಿಂತೆವು. ಏನೂ ವಾಪಸ್ ಬರಲಿಲ್ಲ.

"ಅಜ್ಜಿ ಕೊಡ್ತಿದ್ದಂಗೇ ಐತೆ. ಇನ್ನೊಂದ್ ಬೇಕು."

ಈರಣ್ಣ ನನ್ನನ್ನು ನೋಡಿದ. ಮೂಟೆಯ ಬಾಯಿ ಅವನ ಕೈಯಲ್ಲೇ ಇತ್ತು.

"ಒಡಿ ಕಣ್ಲಾ" ಎಂದೆ.

"ಅಪಶಕುನ ಅಂದ್ರೆ?" ಎಂದಳು ಸರ್ವಮಂಗಳ.

"ನಿಮ್ಮಮ್ಮ ಹಾಕ್ಸಿದ್ರಲ್ಲಿ ಎಂಥಾ ಅಪಶಕುನ ಕಣೇ? ಬೆಲ್ಲ ತೆಗಿ."

೭ ಮೇ, ಕಿಬ್ಬನಹಳ್ಳಿ

ಬರೆಯಲಾಗಲಿಲ್ಲ. ಪೆನ್ನಿನೊಳಗೆ ಮರಳು.

ಘಾಟಿಯುದ್ದಕ್ಕೂ ಕೊಬ್ಬರಿ-ಬೆಲ್ಲ. ಒಂದು ತಿರುವಿಗೆ ಒಂದು ತುಂಡು. ಮಗು ವಾಂತಿ ಮಾಡಲಿಲ್ಲ. ಕೊನೆಗೆ ಮಾಡಿದವನು ಈರಣ್ಣ, ಅತಿಯಾಗಿ ತಿಂದು. ಗಾಡಿ ನಿಲ್ಲಿಸಿಯೇ ಮಾಡಿದ, ಗುಡ್ ಮ್ಯಾನ್.

ಸಮುದ್ರ ಕಂಡಿತು. ಕಾಲೇಜಲ್ಲಿ ಓದಿದ್ದ ಒಂದು ಇಂಗ್ಲಿಷ್ ಪದ ಅದಕ್ಕೆಂದೇ ಇತ್ತು... ಬೌಂಡ್‌ಲೆಸ್? ಬಾಟಮ್‌ಲೆಸ್? ದಡದಲ್ಲಿ ನಿಂತು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅಷ್ಟರಲ್ಲಿ ಒಂದು ಅಲೆ ಬಂದು ಪುಳಿಯೋಗರೆ ಚಪ್ಪಲಿ ಎತ್ತಿಕೊಂಡು ಹೋಯಿತು. ಜ್ಞಾನೇಶ ಉಪ್ಪುನೀರು ಕುಡಿದು ನೋಡಿ, "ಇಷ್ಟೂ ಕೆರೆಗೆ ಉಪ್ಪು ಹಾಕ್ದೋರು ಯಾರ್ ತಾತ?" ಎಂದ. ಇಂಪನಾ ನನ್ನ ಕಿರುಬೆರಳು ಹಿಡಿದು, ಅಲೆ ಬಂದಾಗಲೆಲ್ಲ, "ಅಜ್ಜೀ, ಬಂದ್ವಿ" ಎಂದು ಕೂಗಿದಳು. ನಾನೂ ಒಂದು ಸಲ ಕೂಗಿದೆ. ಮೆಲ್ಲಗೆ.

೮ ಮೇ, ಬೆಳಿಗ್ಗೆ

ಮಧ್ಯಾಹ್ನ ಅವರು ಹೊರಡುತ್ತಾರೆ. ತಿಂದು, ಸಿಕ್ಕವರಿಗೆಲ್ಲ ಹಂಚಿ ಮೂಟೆ ಖಾಲಿ, ಒಂದು ಕಾಯಿ ಬಿಟ್ಟು. ಅದನ್ನು ಟವೆಲಿನಲ್ಲಿ ಸುತ್ತಿ ಮೀನಾಕ್ಷಿ ಫೋಟೋ ಹಿಂದೆ ಇಟ್ಟಿದ್ದೆ, ಸೀಕ್ರೆಟ್ ಆಗಿ. ಇಂಪನಾಗೆ ಸಿಕ್ಕಿದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಾಳೆ.

"ಒಳ್ಗಿಂದ ಬಡೀತೈತೆ ತಾತ. ತೆಗೀಲಾ?"

ಇದೊಂದಾದರೂ ಇರಲಿ ಎಂದು ಹೇಳಬೇಕು ಅಂದುಕೊಂಡೆ. ಬೆಲ್ಲ ಎಲ್ಲಿದೆ ಎಂದು ಕೇಳಿದೆ. ಮಚ್ಚು ಹುಡುಕಬೇಕು... ಅವಳು ಆಗಲೇ ಒರಳುಕಲ್ಲಿನ ಹತ್ತಿರ, ಎರಡು ಕೈಯಲ್ಲೂ ಎತ್ತಿ—ಬೆರಳು ಜೋಪಾನ ಕಣೇ, ತಡಿ, ಬಂದೆ.