ಕೇಳಿಸಲಿಲ್ಲ ಎಂದ ಸಾಲು

ಪ್ರೀತಿಯ ಅಪ್ಪನಿಗೆ,

ನೀವು ಕಳಿಸಿದ ಸ್ವೆಟರ್ ತಲುಪಿತು, ಅಳತೆ ಸರಿಯಾಗಿದೆ. ಈ ಪತ್ರವನ್ನು ಮೊದಲು ನೀವೊಬ್ಬರೇ ಓದಿ.

ವಲಸೆಯ ಬಗ್ಗೆ ಎಂ.ಎ. ಓದುತ್ತೇನೆ ಎಂದಾಗ ನೀವು, "ಅದ್ರಲ್ಲಿ ಓದೋದು ಏನಿದೆ?" ಎಂದು ಎದ್ದುಹೋಗಿದ್ದಿರಿ. ಮೊನ್ನೆ ತರಗತಿಯಲ್ಲಿ, ಮೂವತ್ತು ವರ್ಷದ ಹಿಂದೆ ಗಡಿ ದಾಟಿ ಬಂದವರ ಹೇಳಿಕೆಗಳ ಟೇಪ್ ಹಾಕಿದರು. ಹೆಸರಿಲ್ಲ, ಬರೀ ಸಂಖ್ಯೆ. ಒಂದು ಹೇಳಿಕೆ ನಮ್ಮ ಭಾಷೆಯಲ್ಲಿತ್ತು. ಅನುವಾದಿಸಲು ಪ್ರೊಫೆಸರ್ ನನಗೇ ಹೇಳಿದರು. ಮಾತಿಗೆ ಮುಂಚಿನ ಕೆಮ್ಮಿನಲ್ಲೇ ಅದು ನೀವೆಂದು ತಿಳಿಯಿತು.

ಲಾರಿ, ಮರದ ಸೇತುವೆ, ತಪಾಸಣೆಯ ಕೋಣೆ, ಎಲ್ಲವನ್ನೂ ಅನುವಾದಿಸಿದೆ. ಆಮೇಲೆ ನೀವು ಹೇಳಿದಿರಿ: "ಜೊತೆಗಿರೋ ಹುಡುಗಿ ನಿನ್ನ ಕಡೆಯವಳಾ ಅಂತ ಕೇಳಿದ್ರು. ಕಾಗದಪತ್ರ ಇದ್ದದ್ದು ನನಗೊಬ್ಬನಿಗೇ. ನನ್ನ ತಂಗೀನ ಯಾರೋ ಗೊತ್ತಿಲ್ಲ ಅಂದುಬಿಟ್ಟೆ. ಅವಳು ಅಳಲಿಲ್ಲ. ನನ್ನನ್ನೇ ನೋಡ್ತಾ ನಿಂತಿದ್ಲು."

ಎಲ್ಲರೂ ನನ್ನ ಮುಖ ನೋಡಿದರು. "ಇಲ್ಲಿ ದನಿ ಸರಿಯಾಗಿ ಕೇಳಿಸ್ತಿಲ್ಲ" ಎಂದುಬಿಟ್ಟೆ.

ಅಂದಿನಿಂದ ಗ್ರಂಥಾಲಯದಲ್ಲಿ, ಬಸ್ಸಿನಲ್ಲಿ, ಬೆನ್ನ ಹಿಂದೆ ಯಾರೋ ಸುಮ್ಮನೆ ನಿಂತಂತೆ ಅನಿಸುತ್ತದೆ. ತಿರುಗಿದರೆ ಯಾರೂ ಇಲ್ಲ. ನಿಮ್ಮನ್ನು ದೂರಲು ಬರೆಯುತ್ತಿಲ್ಲ ಅಪ್ಪ. ನಾನೂ ಅವಳನ್ನು ಇಲ್ಲವೆಂದೆ.

ಸೋಮವಾರ ಅನುವಾದ ಒಪ್ಪಿಸಬೇಕು. ಆ ಸಾಲುಗಳನ್ನು ಸೇರಿಸುತ್ತೇನೆ, ದನಿ ಯಾರದೆಂದು ಹೇಳುವುದಿಲ್ಲ. ಕಾಣೆಯಾದವರನ್ನು ಹುಡುಕುವ ಕಚೇರಿಯ ಅರ್ಜಿಯನ್ನೂ ಇದರ ಜೊತೆ ಇಟ್ಟಿದ್ದೇನೆ. ಸಂಬಂಧ ಎಂಬಲ್ಲಿ 'ಸೋದರತ್ತೆ' ಎಂದು ಬರೆದಿದ್ದೇನೆ. ಹೆಸರು ನನಗೆ ಗೊತ್ತಿಲ್ಲ. ಅದನ್ನು ನಿಮ್ಮ ಕೈಯಾರೆ ತುಂಬಿ ಕಳಿಸಿ.

ಇಂತಿ,
ನಿಮ್ಮ ಮಗಳು